ಎಮ್ಮಾ ಥಾಂಪ್ಸನ್ ಅಳುವಾಗ

ಬ್ರಿಟಿಷ್ ನಟಿ ಎಮ್ಮಾ ಥಾಂಪ್ಸನ್ ಅವರ ಸಿನಿಮಾಗಳು ನನಗೆ ನೆನಪಿರುವುದು ಅಳುವಿನ ಲೆಕ್ಕದಲ್ಲಿ. ಯಾವ ಪಾತ್ರ ಎಲ್ಲಿ ಅತ್ತಿತು, ಯಾರ ಮುಂದೆ ಅತ್ತಿತು, ಎಷ್ಟು ಹೊತ್ತು ತಡೆದುಕೊಂಡು ಅತ್ತಿತು, ಯಾವುದು ಅಳಲೇ ಇಲ್ಲ. ಕಥೆ ಅಲ್ಲಲ್ಲಿ ಮರೆತುಹೋಗಿದೆ. ಇದು ಮಾತ್ರ ಮರೆತಿಲ್ಲ.

ಇದಕ್ಕೆ ಕಾರಣ ಇದೆ. ನಾನು ಮೈಸೂರಿನ ಒಂದು ಹವ್ಯಾಸಿ ನಾಟಕ ತಂಡದಲ್ಲಿ ಬಹಳ ವರ್ಷಗಳಿಂದ ಪಾತ್ರ ಮಾಡುತ್ತಿದ್ದೇನೆ. ಹಗಲು ಬ್ಯಾಂಕ್ ಕೆಲಸ, ಸಂಜೆ ತಾಲೀಮು. ವಯಸ್ಸಾದಂತೆ ನನಗೆ ಅಮ್ಮ, ಅತ್ತೆ, ವಿಧವೆ ಪಾತ್ರಗಳೇ ಜಾಸ್ತಿ ಬರುತ್ತವೆ. ಅವುಗಳಲ್ಲಿ ಅಳು ಇದ್ದೇ ಇರುತ್ತದೆ. ರಂಗದ ಮೇಲೆ ಕಣ್ಣೀರು ಲೆಕ್ಕಕ್ಕೆ ಬರುವುದಿಲ್ಲ. ಹಿಂದಿನ ಸಾಲಿನವರಿಗೆ ಅದು ಕಾಣುವುದೇ ಇಲ್ಲ. ಅಲ್ಲಿ ಅಳಬೇಕಾದದ್ದು ಭುಜ, ಬೆನ್ನು, ಉಸಿರು, ದನಿ. ಕ್ಯಾಮೆರಾ ಮುಂದೆ ಗ್ಲಿಸರಿನ್ ಇದೆ, ಕ್ಲೋಸಪ್ ಇದೆ, ಹಿನ್ನೆಲೆ ಸಂಗೀತ ಇದೆ. ಅಳುವುದು ಸುಲಭ ಅಂತ ಅನ್ನಿಸುತ್ತದೆ. ಆದರೆ ಅಲ್ಲಿ ಸುಳ್ಳು ಅಳು ಥಟ್ಟನೆ ಸಿಕ್ಕಿಬೀಳುತ್ತದೆ. ಹಾಗಾಗಿ ಚೆನ್ನಾಗಿ ಅಳುವವರನ್ನು ಕಂಡರೆ ನಾನು ಸಿನಿಮಾ ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ನೋಡುತ್ತೇನೆ. ಎಮ್ಮಾ ಅವರ ಸಿನಿಮಾಗಳಲ್ಲಿ ನಾನು ಹಿಂದಕ್ಕೆ ಹೋದಷ್ಟು ಬೇರೆ ಯಾರ ಸಿನಿಮಾದಲ್ಲೂ ಹೋಗಿಲ್ಲ.

ಅವರು ಹುಟ್ಟಿದ್ದು 1959ರಲ್ಲಿ, ಲಂಡನ್ನಿನಲ್ಲಿ. ಅಪ್ಪ ಎರಿಕ್ ಥಾಂಪ್ಸನ್, ಅಮ್ಮ ಫಿಲಿಡಾ ಲಾ, ತಂಗಿ ಸೋಫಿ, ಎಲ್ಲರೂ ನಟನೆಯವರೇ. ಕೇಂಬ್ರಿಡ್ಜ್‌ನಲ್ಲಿ ಇಂಗ್ಲಿಷ್ ಸಾಹಿತ್ಯ ಓದುವಾಗ ಫುಟ್‌ಲೈಟ್ಸ್ ಎಂಬ ವಿದ್ಯಾರ್ಥಿ ತಂಡಕ್ಕೆ ಸೇರಿದರು. ಅದು ಹಾಸ್ಯದ ತಂಡ. ಮುಂದೆ ಹೆಸರಾಂತ ಹಾಸ್ಯ ನಟರಾದ ಹ್ಯೂ ಲಾರಿ, ಸ್ಟೀಫನ್ ಫ್ರೈ ಅಲ್ಲಿ ಅವರ ಜೊತೆಗಾರರು. ಅಂದರೆ ಇವರು ಮೊದಲು ಕಲಿತದ್ದು ನಗಿಸುವುದನ್ನು. ಇದು ನನಗೆ ತುಂಬಾ ಮುಖ್ಯ. ನಗಿಸುವವರಿಗೆ ಟೈಮಿಂಗ್ ಗೊತ್ತಿರುತ್ತದೆ. ಯಾವ ಮಾತು ಅರ್ಧ ಉಸಿರು ತಡವಾಗಿ ಬರಬೇಕು, ಎಲ್ಲಿ ಸುಮ್ಮನಿರಬೇಕು, ಎಲ್ಲಿ ಒಮ್ಮೆಲೇ ಬಿಡಬೇಕು. ಎಮ್ಮಾ ಅಳುವುದೂ ಹಾಗೇ, ಹಾಸ್ಯ ನಟಿಯ ಟೈಮಿಂಗ್‌ನಲ್ಲಿ. ಅವರ ಪಾತ್ರಗಳು ಒಂದಕ್ಕೊಂದು ಎಷ್ಟೇ ದೂರ ಇದ್ದರೂ ಒಳಗೆ ಕೆಲಸ ಮಾಡುವ ಯಂತ್ರ ಇದು ಅಂತ ನನ್ನ ನಂಬಿಕೆ.

ಮೊದಲು 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ' ತೆಗೆದುಕೊಳ್ಳುತ್ತೇನೆ. 1995ರ ಸಿನಿಮಾ. ನಿರ್ದೇಶಕ ಆಂಗ್ ಲೀ, ತೈವಾನಿನವರು. ಜೇನ್ ಆಸ್ಟಿನ್ 1811ರಲ್ಲಿ ಪ್ರಕಟಿಸಿದ ಕಾದಂಬರಿಗೆ ಚಿತ್ರಕಥೆ ಬರೆದದ್ದು ಸ್ವತಃ ಎಮ್ಮಾ. ವರ್ಷಗಟ್ಟಲೆ ತಿದ್ದಿ ತಿದ್ದಿ ಬರೆದರು. ಒಂದು ಹಂತದಲ್ಲಿ ಬರೆದದ್ದೆಲ್ಲ ಕಂಪ್ಯೂಟರ್‌ನಲ್ಲಿ ಕೆಟ್ಟು, ಅಕ್ಷರ ಹೋಗಿ ಬರೀ ಚಿಹ್ನೆಗಳಾದವು. ಆಗ ಕಂಪ್ಯೂಟರನ್ನೇ ಟ್ಯಾಕ್ಸಿಯಲ್ಲಿ ಹಾಕಿಕೊಂಡು ಸ್ಟೀಫನ್ ಫ್ರೈ ಮನೆಗೆ ಓಡಿದರು. ಅವರು ಗಂಟೆಗಟ್ಟಲೆ ಕೂತು ಅದನ್ನು ವಾಪಸ್ ತೆಗೆದುಕೊಟ್ಟರು. ಆ ಚಿತ್ರಕಥೆಗೆ ಆಸ್ಕರ್ ಬಂತು. ಅದಕ್ಕೂ ಮುಂಚೆ 'ಹೋವರ್ಡ್ಸ್ ಎಂಡ್'ಗೆ ಉತ್ತಮ ನಟಿ ಆಸ್ಕರ್ ಬಂದಿತ್ತು. ನಟನೆಗೂ ಬರವಣಿಗೆಗೂ ಎರಡಕ್ಕೂ ಆಸ್ಕರ್ ಗೆದ್ದವರು ಅವರೊಬ್ಬರೇ.

ಈ ಸಿನಿಮಾದಲ್ಲಿ ಅವರ ಪಾತ್ರ ಎಲಿನರ್. ಅಪ್ಪ ಸತ್ತಿದ್ದಾರೆ, ಆಸ್ತಿಯೆಲ್ಲ ಮಲಅಣ್ಣನ ಪಾಲಾಗಿದೆ. ಅಮ್ಮ ಮತ್ತು ಮೂವರು ಹೆಣ್ಣುಮಕ್ಕಳು ಒಂದು ಚಿಕ್ಕ ಮನೆಗೆ ಬಂದಿದ್ದಾರೆ. ಮನೆ ಖರ್ಚಿನ ಲೆಕ್ಕ ನೋಡುವವಳು ಎಲಿನರ್. ದನದ ಮಾಂಸ ದುಬಾರಿ, ಸಕ್ಕರೆ ದುಬಾರಿ ಅಂತ ಹೇಳುವವಳು ಎಲಿನರ್. ಅಳಲು ಅವಳಿಗೆ ಪುರುಸೊತ್ತಿಲ್ಲ. ತಂಗಿ ಮರಿಯಾನ್ ಪಾತ್ರದಲ್ಲಿ ಕೇಟ್ ವಿನ್ಸ್ಲೆಟ್. ಅವಳು ಎಲ್ಲವನ್ನೂ ಹೊರಗೆ ಹಾಕುವವಳು. ಅವಳ ಪ್ರಿಯಕರ ಹೇಳದೆ ಕೇಳದೆ ಹೊರಟುಹೋದ ದಿನ ಮನೆಯಲ್ಲಿ ಏನಾಗುತ್ತದೆ ನೋಡಿ. ಮರಿಯಾನ್ ಅಳುತ್ತಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಅಮ್ಮನೂ ಅಳುತ್ತಾ ಇನ್ನೊಂದು ಕೋಣೆಗೆ. ಚಿಕ್ಕ ತಂಗಿಯೂ ಹಾಗೇ. ಎಲ್ಲ ಬಾಗಿಲುಗಳ ಹಿಂದೆ ಅಳು. ಎಲಿನರ್ ಕೈಯಲ್ಲಿ ತಂಗಿಗೆಂದು ತಂದ ಟೀ ಇದೆ. ಕೊಡಲು ಯಾರೂ ಇಲ್ಲ. ಅವಳು ಮೆಟ್ಟಿಲ ಮೇಲೆ ಕೂತು ಆ ಟೀ ತಾನೇ ಕುಡಿಯುತ್ತಾಳೆ.

ಇದಕ್ಕೆ ನಗು ಬರುತ್ತದೆ. ಜೊತೆಗೆ ಕರುಳು ಚುರುಕ್ ಅನ್ನುತ್ತದೆ. ಯಾಕೆ ಅಂದರೆ ಪ್ರತಿ ಮನೆಯಲ್ಲೂ ಒಬ್ಬಳು ಎಲಿನರ್ ಇರುತ್ತಾಳೆ ಅಲ್ವಾ? ಸಾವಿನ ಮನೆಯಲ್ಲಿ ಬಂದವರಿಗೆಲ್ಲ ಕಾಫಿ ಆಯಿತಾ ಅಂತ ನೋಡುವವಳು, ತನ್ನ ಸರದಿ ಬರಲಿ ಅಂತ ಕಾಯುವವಳು, ಅವಳ ಸರದಿ ಬರುವುದೇ ಇಲ್ಲ. ನಮ್ಮ ಮನೆಯಲ್ಲಿ ಅದು ನನ್ನ ದೊಡ್ಡಮ್ಮ.

ಎಲಿನರ್‌ಗೂ ಒಬ್ಬ ಇದ್ದಾನೆ, ಎಡ್ವರ್ಡ್. ಅವನಿಗೆ ಗುಟ್ಟಾಗಿ ಬೇರೆಯವಳ ಜೊತೆ ಮದುವೆ ಗೊತ್ತಾಗಿದೆ ಅಂತ ಅವಳಿಗೆ ತಿಳಿಯುತ್ತದೆ. ಅದೂ ಆ ಹುಡುಗಿಯ ಬಾಯಿಂದಲೇ. ಯಾರಿಗೂ ಹೇಳಬೇಡ ಅಂತ ಆಣೆ ಬೇರೆ ಹಾಕಿಸಿಕೊಂಡಿದ್ದಾಳೆ. ಎಲಿನರ್ ಯಾರಿಗೂ ಹೇಳದೆ ತಿಂಗಳುಗಟ್ಟಲೆ ನುಂಗಿಕೊಂಡಿರುತ್ತಾಳೆ. ಕೊನೆಗೆ ಎಡ್ವರ್ಡ್‌ಗೆ ಮದುವೆಯಾಗಿದೆ ಅಂತಲೇ ಸುದ್ದಿ ಬರುತ್ತದೆ. ಆಮೇಲೆ ಒಂದು ದಿನ ಅವನೇ ಮನೆಗೆ ಬರುತ್ತಾನೆ. ಮದುವೆಯಾದದ್ದು ತಾನಲ್ಲ, ತನ್ನ ತಮ್ಮ ಅಂತ ತಿಳಿಯುತ್ತದೆ.

ಆಗ ಎಲಿನರ್ ಒಡೆಯುತ್ತಾಳೆ. ಚಂದದ ಅಳು ಅಲ್ಲ ಅದು. ಗಂಟಲಿಂದ, ಎದೆಯಿಂದ, ಎಲ್ಲೆಲ್ಲಿಂದಲೋ ಬರುವ ಬಿಕ್ಕಳಿಕೆ. ಮೂಗು, ಬಾಯಿ ಎಲ್ಲ ಸೇರಿದ ಸದ್ದು. ಅಮ್ಮ, ತಂಗಿಯರು ಗಾಬರಿಯಾಗಿ ಕೋಣೆಯಿಂದ ಹೊರಗೆ ಹೋಗುತ್ತಾರೆ. ಎಡ್ವರ್ಡ್ ತನ್ನ ಪ್ರೇಮ ನಿವೇದನೆ ಮಾಡಬೇಕು, ಇವಳು ಬಿಕ್ಕುತ್ತಲೇ ಇದ್ದಾಳೆ. ನೋಡುವವರು ಅಳುತ್ತಾ ನಗುತ್ತಾರೆ.

ಮೂಲ ಕಾದಂಬರಿಯಲ್ಲಿ ಇದು ಹೀಗಿಲ್ಲ. ಅಲ್ಲಿ ಎಲಿನರ್ ಹೆಚ್ಚುಕಡಿಮೆ ಓಡುತ್ತಾ ಕೋಣೆಯಿಂದ ಹೊರಗೆ ಹೋಗುತ್ತಾಳೆ, ಬಾಗಿಲು ಮುಚ್ಚಿದ ಮೇಲೆ ಆನಂದದಿಂದ ಅಳುತ್ತಾಳೆ. ಎಮ್ಮಾ ಚಿತ್ರಕಥೆಯಲ್ಲಿ ಅದನ್ನು ತಿರುಗಿಸಿದರು. ಎಲಿನರ್ ಕೂತಲ್ಲೇ ಕೂತಿರುತ್ತಾಳೆ, ಮಿಕ್ಕವರು ಎದ್ದು ಹೋಗುತ್ತಾರೆ. ಇಡೀ ಸಿನಿಮಾ ಬೇರೆಯವರ ಬಾಗಿಲುಗಳ ಹೊರಗೆ ನಿಂತವಳಿಗೆ ಕೊನೆಗೆ ಒಂದು ಕೋಣೆ ಸಿಕ್ಕಿತು. ಬರೆಯುವವರೂ ಅಭಿನಯಿಸುವವರೂ ಒಬ್ಬರೇ ಆದಾಗ ಮಾತ್ರ ಇಂಥದ್ದು ಸಾಧ್ಯ ಅಂತ ನನಗನ್ನಿಸುತ್ತದೆ. ಆ ಅಳುವಿಗೆ ಜಾಗ ಮಾಡಿಕೊಡಲು ಅವರು ಉಳಿದೆಲ್ಲ ದೃಶ್ಯಗಳಲ್ಲಿ ಎಲಿನರ್‌ಳನ್ನು ತಡೆದು ಹಿಡಿದಿದ್ದಾರೆ.

ಕಾದಂಬರಿಯಲ್ಲಿ ಎಲಿನರ್‌ಗೆ 19 ವರ್ಷ, ಎಮ್ಮಾಗೆ ಆಗ 36ರ ಆಸುಪಾಸು. ವಯಸ್ಸು ಜಾಸ್ತಿಯಾಯಿತು ಅಂತ ಗೊಣಗುವವರಿದ್ದಾರೆ. ನಾನು ಒಪ್ಪುವುದಿಲ್ಲ. 19ರ ಹುಡುಗಿಗೆ ಎಡ್ವರ್ಡ್ ಹೋದರೆ ಇನ್ನೊಬ್ಬ ಬಂದಾನು. ಈ ಎಲಿನರ್‌ಗೆ ಹಾಗಲ್ಲ. ಆ ಬಿಕ್ಕಳಿಕೆಯ ಭಾರ ಬಂದದ್ದೇ ಆ ವಯಸ್ಸಿನಿಂದ.

ಇದಕ್ಕೆ ಸರಿಯಾಗಿ ಎದುರು ದಿಕ್ಕಿನ ಪಾತ್ರ 1993ರ 'ದ ರಿಮೇನ್ಸ್ ಆಫ್ ದ ಡೇ'. ಕಜುವೊ ಇಶಿಗುರೊ ಅವರ ಕಾದಂಬರಿ, ಜೇಮ್ಸ್ ಐವರಿ ನಿರ್ದೇಶನ. ಒಂದು ದೊಡ್ಡ ಇಂಗ್ಲಿಷ್ ಬಂಗಲೆ. ಅಲ್ಲಿ ಬಟ್ಲರ್ ಸ್ಟೀವನ್ಸ್ ಆಗಿ ಆಂಥೊನಿ ಹಾಪ್ಕಿನ್ಸ್, ಮನೆವಾರ್ತೆ ನೋಡಿಕೊಳ್ಳುವ ಮಿಸ್ ಕೆಂಟನ್ ಆಗಿ ಎಮ್ಮಾ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಮನಸ್ಸಿದೆ. ಅವನು ಹೇಳುವವನಲ್ಲ. ಅವಳು ಕಾದು ಕಾದು ಕೊನೆಗೆ ಬೇರೊಬ್ಬನನ್ನು ಮದುವೆಯಾಗಲು ಒಪ್ಪಿಕೊಳ್ಳುತ್ತಾಳೆ. ಅದನ್ನು ಸ್ಟೀವನ್ಸ್‌ಗೆ ಹೇಳುತ್ತಾಳೆ. ಅವನು ಅಭಿನಂದನೆ ಹೇಳಿ ಕೆಲಸಕ್ಕೆ ಹೋಗುತ್ತಾನೆ. ನೆಲಮಾಳಿಗೆಯಿಂದ ವೈನ್ ತರುವಾಗ ಅವನ ಕೈಯಿಂದ ಬಾಟಲಿ ಜಾರಿ ಒಡೆಯುತ್ತದೆ. ಮತ್ತೆ ಬರುವಾಗ ಅವಳ ಕೋಣೆಯಿಂದ ಅಳು ಕೇಳುತ್ತದೆ. ಒಳಗೆ ಹೋಗುತ್ತಾನೆ. ಅವಳು ಅಳುತ್ತಿದ್ದಾಳೆ. ಈಗಲಾದರೂ ಏನಾದರೂ ಹೇಳುತ್ತಾನೆ ಅಂತ ನಾವು ಕಾಯುತ್ತೇವೆ. ಅವಳೂ ಕಾಯುತ್ತಾಳೆ. ಅವನು ಹೇಳುವುದು, ಬೆಳಗಿನ ತಿಂಡಿಯ ಕೋಣೆಯ ಹೊರಗಿನ ಮೂಲೆಯಲ್ಲಿ ಸರಿಯಾಗಿ ಧೂಳು ಒರೆಸಿಲ್ಲ ಅಂತ.

ಈ ದೃಶ್ಯದಲ್ಲಿ ಎಲ್ಲರೂ ಹಾಪ್ಕಿನ್ಸ್ ಅವರನ್ನು ಹೊಗಳುತ್ತಾರೆ, ಹೊಗಳಲೇಬೇಕು. ನಾನು ಎಮ್ಮಾ ಅವರನ್ನು ನೋಡುತ್ತೇನೆ. ಅವನು ಬಾಗಿಲಲ್ಲಿ ಕಂಡ ಕ್ಷಣ ಅವಳ ಮುಖದಲ್ಲಿ ಆಸೆ ಬರುತ್ತದೆ. ಅವನ ಮಾತು ಮುಗಿಯುವಷ್ಟರಲ್ಲಿ ಅದು ಹೋಗಿ, ಮನೆವಾರ್ತೆಯವಳು ವಾಪಸ್ ಬಂದಿರುತ್ತಾಳೆ. ಆಯಿತು, ನೋಡಿಕೊಳ್ಳುತ್ತೇನೆ ಅನ್ನುವ ಥರ. ನಾನು ಅಳುವ ದೃಶ್ಯ ಮಾಡುವಾಗ ಅಳು ಶುರು ಮಾಡುವುದನ್ನೇ ಯೋಚಿಸುತ್ತಿದ್ದೆ. ಅಳು ನಿಲ್ಲಿಸುವುದು ಇನ್ನೂ ದೊಡ್ಡ ಅಭಿನಯ ಅಂತ ಕಲಿಸಿಕೊಟ್ಟದ್ದು ಮಿಸ್ ಕೆಂಟನ್.

ಅದೇ ವರ್ಷ 'ಇನ್ ದ ನೇಮ್ ಆಫ್ ದ ಫಾದರ್' ಕೂಡ ಬಂತು. ಬ್ರಿಟನ್ ವಿರುದ್ಧ ಹೋರಾಡುತ್ತಿದ್ದ ಐರಿಷ್ ಸಶಸ್ತ್ರ ಗುಂಪು ಐಆರ್‌ಎ 1974ರಲ್ಲಿ ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನ ಪಬ್‌ಗಳಲ್ಲಿ ಬಾಂಬ್ ಸಿಡಿಸಿತ್ತು. ತಪ್ಪೇ ಮಾಡದ ನಾಲ್ವರು ಅದಕ್ಕಾಗಿ 1989ರವರೆಗೆ ಜೈಲಿನಲ್ಲಿದ್ದರು. ಅದರ ಕಥೆ ಇದು. ಎಮ್ಮಾ ಇಲ್ಲಿ ವಕೀಲೆ ಗರೆತ್ ಪಿಯರ್ಸ್. ಪೊಲೀಸರು ಮುಚ್ಚಿಟ್ಟ ದಾಖಲೆ ಕೈಗೆ ಸಿಕ್ಕಾಗ ಅವಳು ಕೋರ್ಟಿನಲ್ಲಿ ಸಿಡಿಯುತ್ತಾಳೆ. ನಿಜದಲ್ಲಿ ಪಿಯರ್ಸ್ ಸಾಲಿಸಿಟರ್. ಅಂಥ ಕೋರ್ಟಿನಲ್ಲಿ ನಿಂತು ವಾದಿಸುವುದು ಬ್ಯಾರಿಸ್ಟರುಗಳ ಕೆಲಸ. ಸಿನಿಮಾ ಆ ಸ್ವಾತಂತ್ರ್ಯ ತೆಗೆದುಕೊಂಡಿದೆ. ಅದಿರಲಿ, ಇಲ್ಲಿ ಸಿಟ್ಟೂ ಅಳುವೂ ಒಂದೇ ದನಿಯಲ್ಲಿ ಬರುತ್ತವೆ. ಮಿಸ್ ಕೆಂಟನ್‌ಗೆ ಉತ್ತಮ ನಟಿ, ಪಿಯರ್ಸ್‌ಗೆ ಉತ್ತಮ ಪೋಷಕ ನಟಿ, ಹೀಗೆ ಒಂದೇ ವರ್ಷ ಎರಡು ಆಸ್ಕರ್ ನಾಮನಿರ್ದೇಶನ ಸಿಕ್ಕಿದವು. ಎರಡೂ ಬರಲಿಲ್ಲ. ಮಿಸ್ ಕೆಂಟನ್‌ಗೆ ಬರಬೇಕಿತ್ತು ಅಂತ ನಾನು ಇವತ್ತಿಗೂ ಹೇಳುತ್ತೇನೆ.

'ಲವ್ ಆಕ್ಚುವಲಿ' ಬಗ್ಗೆ ಎಲ್ಲರೂ ಬರೆದಿದ್ದಾರೆ. ಆದರೂ ಬಿಡಲಾಗುವುದಿಲ್ಲ. 2003ರ ಸಿನಿಮಾ, ರಿಚರ್ಡ್ ಕರ್ಟಿಸ್ ನಿರ್ದೇಶನ. ಒಟ್ಟಾರೆ ಸಿನಿಮಾ ನನಗೆ ಅಷ್ಟಕ್ಕಷ್ಟೆ, ಸಿಹಿ ಜಾಸ್ತಿ. ಅದರಲ್ಲಿ ಕ್ಯಾರೆನ್ ಎಂಬ ಗೃಹಿಣಿಯಾಗಿ ಎಮ್ಮಾ ಇದ್ದಾರೆ. ಗಂಡನ ಪಾತ್ರದಲ್ಲಿ ಅಲನ್ ರಿಕ್ಮನ್. ಗಂಡನ ಕೋಟಿನ ಜೇಬಿನಲ್ಲಿ ಅವಳು ಒಂದು ಸರ ನೋಡಿರುತ್ತಾಳೆ. ಕ್ರಿಸ್‌ಮಸ್ ಉಡುಗೊರೆ ತನಗೇ ಅಂತ ಒಳಗೊಳಗೇ ಖುಷಿ. ಉಡುಗೊರೆ ಬಿಚ್ಚಿದರೆ ಜೋನಿ ಮಿಚೆಲ್ ಹಾಡಿನ ಸಿಡಿ. ಸರ ಬೇರೆ ಯಾರಿಗೋ ಹೋಗಿದೆ. ಮಕ್ಕಳು ಅಲ್ಲೇ ಇದ್ದಾರೆ, ಶಾಲೆಯ ನಾಟಕಕ್ಕೆ ಹೊರಡಬೇಕು. ಅವಳು ಒಂದು ನಿಮಿಷ ಅಂತ ಮಲಗುವ ಕೋಣೆಗೆ ಬರುತ್ತಾಳೆ. ಆ ಹಾಡು ಕೇಳಿಸುತ್ತಿದೆ. ನಿಂತಲ್ಲೇ ಅಳುತ್ತಾಳೆ. ಕಣ್ಣು ಒರೆಸಿಕೊಳ್ಳುತ್ತಾಳೆ. ಮತ್ತೆ ಬರುತ್ತದೆ, ಮತ್ತೆ ಒರೆಸಿಕೊಳ್ಳುತ್ತಾಳೆ. ಆಮೇಲೆ ಹಾಸಿಗೆಯ ಮೇಲಿನ ಹೊದಿಕೆ ಎಳೆದು ಸರಿ ಮಾಡುತ್ತಾಳೆ.

ಆ ಹೊದಿಕೆ ಸರಿ ಮಾಡುವುದು! ಸಂಸಾರ ಒಡೆದಿದೆ ಅಂತ ಗೊತ್ತಾದ ನಿಮಿಷದಲ್ಲಿ ಕೈ ತನ್ನ ರೂಢಿಯ ಕೆಲಸ ಮಾಡುತ್ತದೆ. ನಾನು ನಮ್ಮ ತಂಡದ ಹುಡುಗಿಯರಿಗೆ ಈ ದೃಶ್ಯ ತೋರಿಸುತ್ತಲೇ ಇರುತ್ತೇನೆ. ಅಳುವಾಗ ಕೈಯಲ್ಲಿ ಏನು ಮಾಡಬೇಕು ಅಂತ ಗೊತ್ತಾಗದೆ ಸೆರಗು ಬಾಯಿಗೆ ಹಿಡಿಯುತ್ತೇವೆ. ನಮ್ಮ ಎಷ್ಟೋ ಹಳೆಯ ಸಿನಿಮಾಗಳಲ್ಲಿ ಅಮ್ಮಂದಿರು ಹಾಗೇ ಅಳುತ್ತಾರೆ, ಅದೂ ಚೆನ್ನಾಗಿಯೇ ಇದೆ. ಆದರೆ ಪ್ರತಿ ಪಾತ್ರಕ್ಕೂ ಅದೇ ಸೆರಗು ಆದರೆ ಪಾತ್ರ ಯಾವುದು ಅಂತ ಹೇಗೆ ಗೊತ್ತಾಗಬೇಕು? ಕ್ಯಾರೆನ್ ಹೊದಿಕೆ ಎಳೆಯುತ್ತಾಳೆ. ಎಲಿನರ್ ಅಂಥದ್ದೇನೂ ಮಾಡುವುದಿಲ್ಲ, ಕೂತಲ್ಲೇ ನಡುಗುತ್ತಾಳೆ. ಇಬ್ಬರೂ ಒಬ್ಬರೇ ನಟಿ ಅಂತ ಅನ್ನಿಸುವುದಿಲ್ಲ. ತಮ್ಮ ಮೊದಲ ಮದುವೆ ಮುರಿದಾಗಿನ ನೋವು ಆ ದೃಶ್ಯದ ಹಿಂದೆ ಇತ್ತು ಅಂತ ಎಮ್ಮಾ ಸ್ವತಃ ಹೇಳಿಕೊಂಡಿದ್ದಾರೆ. ನೋವು ಎಲ್ಲರಿಗೂ ಇರುತ್ತದೆ. ಅದನ್ನು ಹೊದಿಕೆಯ ತುದಿಗೆ ತಂದು ನಿಲ್ಲಿಸುವುದು ಕಸುಬು.

ಇನ್ನು 'ವಿಟ್'. ಇದು ಎಲ್ಲರೂ ನೋಡಿಲ್ಲ. 2001ರಲ್ಲಿ ಅಮೆರಿಕದ ಎಚ್‌ಬಿಒ ಟಿವಿಗೆ ಮೈಕ್ ನಿಕೋಲ್ಸ್ ಮಾಡಿದ ಸಿನಿಮಾ. ಮಾರ್ಗರೆಟ್ ಎಡ್ಸನ್ ಅವರ ಪುಲಿಟ್ಜರ್ ಗೆದ್ದ ನಾಟಕ ಇದರ ಮೂಲ. ಚಿತ್ರಕಥೆ ನಿಕೋಲ್ಸ್ ಮತ್ತು ಎಮ್ಮಾ ಸೇರಿ ಬರೆದದ್ದು. ವಿವಿಯನ್ ಬೇರಿಂಗ್ ಇಂಗ್ಲಿಷ್ ಪ್ರೊಫೆಸರ್. 17ನೇ ಶತಮಾನದ ಕವಿ ಜಾನ್ ಡನ್ ಅವಳ ಕ್ಷೇತ್ರ. ಸಾವಿನ ಬಗ್ಗೆ ಅವನು ಬರೆದ ಪದ್ಯಗಳನ್ನು ಜೀವನವಿಡೀ ಪಾಠ ಮಾಡಿದವಳು. ಅವಳಿಗೆ ಅಂಡಾಶಯದ ಕ್ಯಾನ್ಸರ್, ನಾಲ್ಕನೇ ಹಂತ. ಮದುವೆಯಿಲ್ಲ, ಮಕ್ಕಳಿಲ್ಲ, ನೋಡಲು ಬರುವವರೂ ಇಲ್ಲ. ಎಮ್ಮಾ ಈ ಪಾತ್ರಕ್ಕೆ ತಲೆ ಬೋಳಿಸಿಕೊಂಡರು. ಸಿನಿಮಾದ ಉದ್ದಕ್ಕೂ ಅವರು ಸೀದಾ ಕ್ಯಾಮೆರಾ ನೋಡಿ ನಮ್ಮ ಜೊತೆ ಮಾತಾಡುತ್ತಾರೆ, ಆಸ್ಪತ್ರೆಯ ಗೌನಿನಲ್ಲಿ, ಮೇಷ್ಟ್ರ ದನಿಯಲ್ಲಿ.

ಇಲ್ಲಿ ಹಾಸ್ಯದ ಟೈಮಿಂಗ್ ಮತ್ತೆ ಬರುತ್ತದೆ. ಆಸ್ಪತ್ರೆಯಲ್ಲಿ ಬಂದವರೆಲ್ಲ ಇವತ್ತು ಹೇಗಿದ್ದೀರಿ ಅಂತ ಕೇಳುತ್ತಾರೆ. ವಾಂತಿ ಮಾಡುತ್ತಿದ್ದರೂ ಕೇಳುತ್ತಾರೆ. ತಾನು ಸತ್ತ ಮೇಲೂ ಯಾರಾದರೂ ಹೀಗೆ ಕೇಳಬೇಕು, ಅದನ್ನು ನೋಡಲು ತಾನೇ ಇರುವುದಿಲ್ಲವಲ್ಲ ಅಂತ ವಿವಿಯನ್ ಬೇಸರ ಪಡುತ್ತಾಳೆ. ನನ್ನ ಸೋದರತ್ತೆ ಕೀಮೋ ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ ಈ ಮಾತು ನನಗೆ ಪದೇ ಪದೇ ನೆನಪಾಗುತ್ತಿತ್ತು. ಅವರ ವಾರ್ಡಿಗೂ ಬೆಳಿಗ್ಗೆ ಗುಂಪಾಗಿ ಬಂದು, ಹೇಗಿದ್ದೀರಮ್ಮ ಅಂತ ಕೇಳಿ, ಉತ್ತರ ಬರುವ ಮೊದಲೇ ಪಕ್ಕದ ಮಂಚಕ್ಕೆ ಹೋಗುತ್ತಿದ್ದರು. ಅತ್ತೆ ಆ ಬೆನ್ನುಗಳಿಗೆ 'ಚೆನ್ನಾಗಿದ್ದೀನಪ್ಪ' ಅಂತ ಹೇಳುತ್ತಿದ್ದರು.

ವಿವಿಯನ್ ಅಳುವುದು ತುಂಬಾ ತಡವಾಗಿ. ಒಂದು ರಾತ್ರಿ ಅವಳಿಗೆ ಭಯ ಆಗುತ್ತದೆ. ಕರೆಯಲು ಸಂಕೋಚ. ತನ್ನ ಡ್ರಿಪ್ಪಿನ ನಳಿಕೆಯನ್ನು ತಾನೇ ಮಡಚಿ ಹಿಡಿಯುತ್ತಾಳೆ, ಯಂತ್ರ ಕೂಗಲಿ, ಯಾರಾದರೂ ಬರಲಿ ಅಂತ. ನರ್ಸ್ ಸೂಸಿ ಬರುತ್ತಾಳೆ. ಆಡ್ರಾ ಮೆಕ್‌ಡೊನಾಲ್ಡ್ ಆ ಪಾತ್ರ ಮಾಡಿದ್ದಾರೆ, ಬಹಳ ಒಳ್ಳೆಯ ಕೆಲಸ. ಸೂಸಿ ಐಸ್ ಕ್ಯಾಂಡಿ ತರುತ್ತಾಳೆ. ಜೋಡಿ ಕಡ್ಡಿಯದು. ವಿವಿಯನ್ ಅದರಲ್ಲಿ ಅರ್ಧ ಸೂಸಿಗೆ ಕೊಡುತ್ತಾಳೆ. ಇಬ್ಬರೂ ಕೂತು ತಿನ್ನುತ್ತಾರೆ. ಇಷ್ಟು ಓದಿದವಳು, ಒಂದು ಪದ್ಯದಲ್ಲಿ ಅಲ್ಪವಿರಾಮ ಎಲ್ಲಿರಬೇಕು ಅಂತ ವಾದ ಮಾಡಬಲ್ಲವಳು, ಆ ರಾತ್ರಿ ಅಳುವುದು ಚಿಕ್ಕ ಮಗುವಿನ ಹಾಗೆ. ಎಮ್ಮಾ ಅಲ್ಲಿ ಮುಖ ಮುಚ್ಚಿಕೊಳ್ಳುವುದಿಲ್ಲ. ಕೂದಲಿಲ್ಲ, ಹುಬ್ಬಿಲ್ಲ, ಅಡಗಲು ಏನೂ ಇಲ್ಲ.

ಕೊನೆಗೆ ಅವಳ ಹಳೆಯ ಗುರು ನೋಡಲು ಬರುತ್ತಾರೆ. ಐಲೀನ್ ಆಟ್ಕಿನ್ಸ್ ಆ ಪಾತ್ರದಲ್ಲಿದ್ದಾರೆ. ಡನ್ ಪದ್ಯ ಹೇಳಲಾ ಅಂದರೆ ವಿವಿಯನ್ ಬೇಡ ಅನ್ನುತ್ತಾಳೆ. ಆಗ ಆ ಮುದುಕಿ ಮಂಚ ಹತ್ತಿ ಪಕ್ಕದಲ್ಲಿ ಕೂತು, ಮರಿಮೊಮ್ಮಗನಿಗೆಂದು ಕೊಂಡ ಮೊಲದ ಮರಿಯ ಕಥೆ ಓದುತ್ತಾರೆ. ಇದರ ಬಗ್ಗೆ ಜಾಸ್ತಿ ಬರೆಯಲು ನನಗೆ ಆಗುವುದಿಲ್ಲ.

ಇದೇ ಮೈಕ್ ನಿಕೋಲ್ಸ್ ಜೊತೆ ಎಮ್ಮಾ 'ಪ್ರೈಮರಿ ಕಲರ್ಸ್'ನಲ್ಲಿ ಅಮೆರಿಕದ ರಾಜಕಾರಣಿಯ ಹೆಂಡತಿಯಾದರು. 2003ರ 'ಏಂಜಲ್ಸ್ ಇನ್ ಅಮೆರಿಕ' ಸರಣಿಯಲ್ಲಿ ಮೂರು ಪಾತ್ರ ಮಾಡಿದರು. ರೆಕ್ಕೆಯ ದೇವದೂತೆ, ಒಬ್ಬ ನರ್ಸ್, ಬೀದಿಯಲ್ಲಿ ಬದುಕುವ ಒಬ್ಬಳು. ಆ ಸರಣಿ ನೋಡುವಾಗ ಮೂವರಲ್ಲೂ ಎಮ್ಮಾ ಅವರನ್ನು ಹುಡುಕುವುದೇ ಒಂದು ಖುಷಿ.

ಅಳದೇ ಇರುವ ಪಾತ್ರಗಳ ಸಾಲು ಬೇರೆ ಇದೆ. 'ಕ್ರುಯೆಲ್ಲಾ'ದ ಬ್ಯಾರನೆಸ್, 'ಮಟಿಲ್ಡಾ' ಸಂಗೀತ ಚಿತ್ರದ ಮುಖ್ಯೋಪಾಧ್ಯಾಯಿನಿ ಟ್ರಂಚ್‌ಬುಲ್. ಒಬ್ಬಳು ಬಟ್ಟೆಯ ಲೋಕದ ರಾಣಿ, ಇನ್ನೊಬ್ಬಳು ಹ್ಯಾಮರ್ ಎಸೆತದ ಮಾಜಿ ಚಾಂಪಿಯನ್, ಮಕ್ಕಳನ್ನೂ ಅದೇ ಥರ ಎಸೆಯುವವಳು. ಎರಡರಲ್ಲೂ ಎಮ್ಮಾ ಮಜಾ ಮಾಡಿದ್ದಾರೆ. ಟ್ರಂಚ್‌ಬುಲ್ ವೇಷ ಎಷ್ಟು ದೊಡ್ಡದು ಅಂದರೆ ನಮ್ಮ ಮನೆಯಲ್ಲಿ ಮಕ್ಕಳು ಅದು ಯಾರು ಅಂತ ಗುರುತು ಹಿಡಿಯಲಿಲ್ಲ. ನನಗೆ ಇಷ್ಟವಾದರೂ ಈ ಎರಡನ್ನೂ ಹಿಂದಕ್ಕೆ ಹೋಗಿ ನೋಡಬೇಕು ಅಂತ ಅನ್ನಿಸಿಲ್ಲ. ಇವರಿಗೆ ಒಳಗೆ ಬಚ್ಚಿಡಲು ಏನೂ ಇಲ್ಲ. ಎಮ್ಮಾ ಅವರ ಶಕ್ತಿ ಇರುವುದು ಬಚ್ಚಿಡುವುದರಲ್ಲಿ.

ಆದರೆ ನ್ಯಾನಿ ಮೆಕ್‌ಫೀ ಬೇರೆ ಮಾತು. 2005ರ ಸಿನಿಮಾ. ಕ್ರಿಸ್ಟಿಯಾನಾ ಬ್ರಾಂಡ್ ಬರೆದ ಮಕ್ಕಳ ಕಥೆಗಳಿಂದ ಎಮ್ಮಾ ಚಿತ್ರಕಥೆ ಮಾಡಿದರು. ತಾಯಿಯಿಲ್ಲದ ಏಳು ತುಂಟ ಮಕ್ಕಳ ಮನೆಗೆ ಬರುವ ದಾದಿ. ಮುಖದ ಮೇಲೆ ದೊಡ್ಡ ನರುಳ್ಳಿ, ಕೂಡಿದ ಹುಬ್ಬು, ಹೊರಗೆ ಚಾಚಿದ ಹಲ್ಲು. ಮಕ್ಕಳು ಒಂದೊಂದು ಪಾಠ ಕಲಿತಂತೆ ಆ ವಿಕಾರಗಳು ಒಂದೊಂದಾಗಿ ಮಾಯವಾಗುತ್ತವೆ. ದಾದಿ ನಗುವುದೂ ಕಡಿಮೆ, ದನಿ ಏರಿಸುವುದೂ ಇಲ್ಲ. ಅಷ್ಟು ಮೇಕಪ್ ಅಡಿಯಲ್ಲಿ ಅಷ್ಟು ಮೆದುವಾಗಿ ಅಭಿನಯಿಸುವುದು ಕಷ್ಟದ ಕೆಲಸ. ಬಣ್ಣ ಜಾಸ್ತಿಯಾದರೆ ಅಭಿನಯವೂ ಜಾಸ್ತಿಯಾಗಬೇಕು ಅಂತ ನಮಗೆ ಕೈಕಾಲು ತುರಿಸುತ್ತದೆ, ನಾಟಕದವರಿಗೆ ಇದು ಗೊತ್ತು. ಅವಳ ಕೆಲಸ ಮುಗಿದ ದಿನ ಅವಳು ಹೇಳದೆ ಹೋಗುತ್ತಾಳೆ. ಮಕ್ಕಳಿಗೆ ಅವಳು ಬೇಕು ಅನ್ನಿಸುವ ಹೊತ್ತಿಗೆ ಅವಳ ಅಗತ್ಯ ಮುಗಿದಿರುತ್ತದೆ.

ಹ್ಯಾರಿ ಪಾಟರ್ ಸರಣಿಯಲ್ಲಿ ಭವಿಷ್ಯ ಹೇಳುವ ಟ್ರಿಲಾನಿ ಮೇಡಂ ಚಿಕ್ಕ ಪಾತ್ರ. ದಪ್ಪ ಕನ್ನಡಕ, ಕೆದರಿದ ಕೂದಲು, ಮೊದಲ ಸಲ ಬಂದಾಗ ಬರೀ ನಗಿಸುತ್ತಾಳೆ. 2007ರ ಭಾಗದಲ್ಲಿ ಅವಳನ್ನು ಶಾಲೆಯಿಂದ ತೆಗೆದುಹಾಕುತ್ತಾರೆ. ಪೆಟ್ಟಿಗೆಗಳ ಜೊತೆ ಅಂಗಳದಲ್ಲಿ, ಎಲ್ಲ ಮಕ್ಕಳ ಮುಂದೆ ನಿಂತು ಅಳುತ್ತಾಳೆ. ಆ ಶಾಲೆಯೇ ಅವಳ ಮನೆ. ಇನ್ನೊಬ್ಬ ಟೀಚರ್ ಪಾತ್ರದ ಮ್ಯಾಗಿ ಸ್ಮಿತ್ ಬಂದು ಅವಳನ್ನು ಹಿಡಿದುಕೊಳ್ಳುತ್ತಾರೆ. ಇಷ್ಟು ದಿನ ನಕ್ಕ ನಮಗೆ ಅಲ್ಲಿ ನಾಚಿಕೆಯಾಗುತ್ತದೆ.

'ಸೇವಿಂಗ್ ಮಿಸ್ಟರ್ ಬ್ಯಾಂಕ್ಸ್' 2013ರದ್ದು. ಮೇರಿ ಪಾಪಿನ್ಸ್ ಕಥೆಗಳನ್ನು ಬರೆದ ಪಿ.ಎಲ್. ಟ್ರಾವರ್ಸ್ ಆಗಿ ಎಮ್ಮಾ, ವಾಲ್ಟ್ ಡಿಸ್ನಿಯಾಗಿ ಟಾಮ್ ಹ್ಯಾಂಕ್ಸ್. ಟ್ರಾವರ್ಸ್ ಸಿಡುಕಿ. ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಆ ಕಥೆಗಳನ್ನು ಡಿಸ್ನಿ ಸಿನಿಮಾ ಮಾಡಲು ಹೊರಟಾಗ ಸ್ಕ್ರಿಪ್ಟ್ ಚರ್ಚೆಯನ್ನೆಲ್ಲ ಟೇಪ್ ಮಾಡಬೇಕು ಅಂತ ಹಟ ಮಾಡುತ್ತಾಳೆ. ಆ ನಿಜವಾದ ಟೇಪನ್ನು ಸಿನಿಮಾದ ಕೊನೆಗೆ ಕೇಳಿಸುತ್ತಾರೆ, ಎದ್ದು ಹೋಗಬೇಡಿ. 1964ರಲ್ಲಿ 'ಮೇರಿ ಪಾಪಿನ್ಸ್' ಸಿನಿಮಾದ ಮೊದಲ ಪ್ರದರ್ಶನ. ಕತ್ತಲಲ್ಲಿ ಕೂತ ಟ್ರಾವರ್ಸ್‌ಗೆ ತನ್ನ ಕುಡುಕ ಅಪ್ಪ ನೆನಪಾಗಿ ಅಳು ಬರುತ್ತದೆ. ಡಿಸ್ನಿ ಹಿಂದಿನಿಂದ ಸಮಾಧಾನ ಹೇಳಿದರೆ, ಅದಲ್ಲ, ನನಗೆ ಈ ಕಾರ್ಟೂನ್ ಸಹಿಸಲು ಆಗುತ್ತಿಲ್ಲ ಅನ್ನುತ್ತಾಳೆ. ನಿಜ ಜೀವನದ ಟ್ರಾವರ್ಸ್‌ಗೆ ಆ ಸಿನಿಮಾ ಕೊನೆಯವರೆಗೂ ಹಿಡಿಸಲಿಲ್ಲ. ಡಿಸ್ನಿ ಕಂಪನಿಯೇ ಮಾಡಿದ ಈ ಚಿತ್ರ ಅದನ್ನು ಸ್ವಲ್ಪ ಸಕ್ಕರೆ ಹಾಕಿ ತೋರಿಸಿದೆ, ಅದು ನನಗೆ ಒಪ್ಪಿಗೆಯಿಲ್ಲ. ಎಮ್ಮಾ ಅವರ ಅಳು ಮಾತ್ರ ಆ ಸಕ್ಕರೆಗೆ ಸೇರಿದ್ದಲ್ಲ. ಅದರಲ್ಲಿ ಹಟ ಇದೆ, ಅವಮಾನ ಇದೆ.

2022ರ 'ಗುಡ್ ಲಕ್ ಟು ಯು, ಲಿಯೊ ಗ್ರಾಂಡೆ' ಬಗ್ಗೆ ನಮ್ಮ ಕಡೆ ಮಾತಾಡಲು ಹಿಂಜರಿಯುತ್ತಾರೆ. ನಾನು ಹಿಂಜರಿಯುವುದಿಲ್ಲ. ನ್ಯಾನ್ಸಿ ಶಾಲೆಯಲ್ಲಿ ಧರ್ಮ ಬೋಧನೆ ಮಾಡಿ ನಿವೃತ್ತಳಾದವಳು. ಗಂಡ ತೀರಿಕೊಂಡಿದ್ದಾನೆ. ಜೀವನದಲ್ಲಿ ಒಮ್ಮೆಯೂ ಮೈಯ ಸುಖ ಕಂಡಿಲ್ಲ. ಅದನ್ನು ತಿಳಿಯಲು ದುಡ್ಡು ಕೊಟ್ಟು ಒಬ್ಬ ಯುವಕನನ್ನು ಹೋಟೆಲ್ ಕೋಣೆಗೆ ಕರೆಸುತ್ತಾಳೆ. ಸಿನಿಮಾದ ಬಹುಪಾಲು ಆ ಕೋಣೆಯಲ್ಲೇ ನಡೆಯುತ್ತದೆ, ಬಹುಪಾಲು ಮಾತೇ. ಆ ಮಾತುಗಳಲ್ಲಿ ಎಷ್ಟು ಹೆದರಿಕೆ, ಎಷ್ಟು ಮುಜುಗರ! ಮುಜುಗರ ಮುಚ್ಚಲು ಮೇಷ್ಟ್ರ ಥರ ಪಟ್ಟಿ ಮಾಡಿಕೊಂಡು ಬರುವುದು ಬೇರೆ. ಕೊನೆಗೆ ಅವಳು ಕನ್ನಡಿಯ ಮುಂದೆ ಬಟ್ಟೆಯಿಲ್ಲದೆ ನಿಂತು ತನ್ನನ್ನು ನೋಡಿಕೊಳ್ಳುತ್ತಾಳೆ. 60 ದಾಟಿದ ನಟಿ, 60 ದಾಟಿದ ಮೈ. ಹೊಟ್ಟೆ ಒಳಗೆ ಎಳೆದುಕೊಳ್ಳುವುದಿಲ್ಲ, ಓರೆಯಾಗಿ ನಿಲ್ಲುವುದಿಲ್ಲ. ಇಲ್ಲಿ ಅಳು ಬರಬೇಕು ಅಂತ ನಾನು ಕಾದೆ. ಬರಲಿಲ್ಲ. ನ್ಯಾನ್ಸಿಗೆ ಅದರ ಅಗತ್ಯವಿರಲಿಲ್ಲ.

ಅದೇ ವರ್ಷ ನಮ್ಮ ಶೇಖರ್ ಕಪೂರ್ ಅವರ ಸಿನಿಮಾದಲ್ಲೂ ಇದ್ದರು, 'ವಾಟ್ಸ್ ಲವ್ ಗಾಟ್ ಟು ಡು ವಿತ್ ಇಟ್'ನಲ್ಲಿ ನಾಯಕಿಯ ಅಮ್ಮನಾಗಿ. ಪಕ್ಕದ ಮನೆಯ ಪಾಕಿಸ್ತಾನಿ ಕುಟುಂಬದ ಜೊತೆ ಬೆರೆಯುವ ಗಲಗಲ ಹೆಂಗಸು. ಪಾತ್ರಕ್ಕೆ ಇನ್ನಷ್ಟು ಜಾಗ ಕೊಟ್ಟಿದ್ದರೆ ಚೆನ್ನಾಗಿತ್ತು.

ನೋಡದವರು ಎಲ್ಲಿಂದ ಶುರು ಮಾಡಬೇಕು ಅಂತ ಕೇಳುತ್ತಾರೆ. 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ'ಯನ್ನು ಅಮ್ಮ, ಅಕ್ಕತಂಗಿಯರ ಜೊತೆ ನೋಡಿ. ಮಿಸ್ ಕೆಂಟನ್‌ಳನ್ನು ಒಬ್ಬರೇ ನೋಡಿ, ಮಧ್ಯೆ ಫೋನ್ ಮುಟ್ಟಬೇಡಿ. 'ವಿಟ್' ಅನ್ನು ಮನೆಯಲ್ಲಿ ಯಾರಾದರೂ ಆಸ್ಪತ್ರೆಯಲ್ಲಿದ್ದಾಗ ನೋಡಬೇಡಿ. ನಂತರ ನೋಡಿ.

ಇನ್ನೊಂದಿದೆ, 1997ರ 'ದ ವಿಂಟರ್ ಗೆಸ್ಟ್'. ಅಲನ್ ರಿಕ್ಮನ್ ನಿರ್ದೇಶಿಸಿದ ಮೊದಲ ಸಿನಿಮಾ. ಸ್ಕಾಟ್ಲೆಂಡಿನ ಕಡಲ ತೀರದ ಊರು, ಸಮುದ್ರವೇ ಹೆಪ್ಪುಗಟ್ಟಿದೆ. ಗಂಡನನ್ನು ಕಳೆದುಕೊಂಡು, ಕೂದಲು ಗಿಡ್ಡ ಕತ್ತರಿಸಿಕೊಂಡು, ಯಾರ ಮಾತೂ ಬೇಡ ಅಂತಿರುವ ಮಗಳಾಗಿ ಎಮ್ಮಾ. ಬಿಡದೆ ಕಾಡುವ ಅಮ್ಮನಾಗಿ ಅವರ ನಿಜವಾದ ಅಮ್ಮ ಫಿಲಿಡಾ ಲಾ. ಇಬ್ಬರೂ ಆ ಹಿಮದಲ್ಲಿ ನಡೆಯುತ್ತಾ, ಜಗಳವಾಡುತ್ತಾ, ಸುಮ್ಮನಾಗುತ್ತಾ ಹೋಗುತ್ತಾರೆ. ಅಮ್ಮ ಮಗಳ ಕೂದಲಿನ ಬಗ್ಗೆ ಆಡುವ ಮಾತು ಕೇಳಿದರೆ ನಮ್ಮ ನಿಮ್ಮ ಮನೆಯದೇ ಅನ್ನಿಸುತ್ತದೆ. ನಾನು ಕೇಳಿದವರಲ್ಲಿ ಯಾರೂ ಇದನ್ನು ನೋಡಿಲ್ಲ. ನೀವು ನೋಡಿದ್ದರೆ ದಯವಿಟ್ಟು ನನಗೆ ಬರೆಯಿರಿ, ಆ ಅಮ್ಮ ಮಗಳ ಬಗ್ಗೆ ಮಾತಾಡಲು ನನಗೆ ಒಬ್ಬರಾದರೂ ಬೇಕು.